ಸೊನ್ನೆ ಒಪ್ಪದ ಮಾಸ್ತರರು

ಜನಗಣತಿಯಲ್ಲಿ ನನ್ನ ಜೊತೆಗಿದ್ದ ಖಾನಾಪುರದ ಮಾಸ್ತರರಿಗೆ ಐವತ್ತು, ಅರವತ್ತು ಎಂಬ ದುಂಡನೆಯ ವಯಸ್ಸು ಕಂಡರೆ ಆಗುತ್ತಿರಲಿಲ್ಲ. ಕನ್ನಡಕ ಹಣೆಗೇರಿಸಿ, "ಸೊನ್ನಿ ಬ್ಯಾಡ್ರಿ, ಖರೇ ಹೇಳ್ರಿ" ಎಂದು ಅಲ್ಲೇ ಕುಳಿತುಬಿಡುತ್ತಿದ್ದರು.

ಜಾಂಬೋಟಿಯ ಒಂದು ಮನೆಯಲ್ಲಿ ಅಜ್ಜ, "ನನಗ ಎಪ್ಪತ್ತೊಂದು. ಇಕಿಗೆ ಅರವತ್ತು ಬರಕೋರಿ" ಎಂದು ಹೇಳಿ ಎಮ್ಮೆಗೆ ನೀರು ಕುಡಿಸಲು ಹೋದ. ಮಾಸ್ತರರು ಅಜ್ಜಿಯತ್ತ ತಿರುಗಿ ಕನ್ನಡಕ ಹಣೆಗೇರಿಸಿದರು.

ಅಜ್ಜಿ ಬಾಗಿಲ ಕಡೆ ನೋಡಿ ಪಿಸುಗುಟ್ಟಿದಳು: "ಎಪ್ಪತ್ಮೂರು ರೀ. ಲಗ್ನ ಮುರಿತೈತಂತ ನಮ್ಮಪ್ಪ ಸಣ್ಣಾಕಿ ಅಂತ ಹೇಳಿದ್ದ."

ಮಾಸ್ತರರು ಅದನ್ನೇ ಮೊಬೈಲಿನಲ್ಲಿ ಒತ್ತಿಕೊಂಡರು.

ಅಜ್ಜ ಒಳಗೆ ಬಂದು ಕೇಳಿದ: "ಇಕೀದ ಎಷ್ಟ ಬರಕೊಂಡ್ರಿ?"

"ಗಣತಿ ಗುಟ್ಟು ಅಜ್ಜಾರ, ಯಾರಿಗೂ ಹೇಳಂಗಿಲ್ಲ" ಎಂದರು ಮಾಸ್ತರರು.

ಅಜ್ಜಿ ನಮಗೆ ಚಹಾ ತಂದಳು. ಕೆನೆ ಮಾತ್ರ ಮಾಸ್ತರರ ಕಪ್ಪಿನಲ್ಲೇ ತೇಲುತ್ತಿತ್ತು.