ಅಡುಗೆಮನೆಗೆ ಫೈರ್ ಇಂಜಿನ್ ಬಂದದ್ದು

ಹೋದ ವರ್ಷ ದೊಡ್ಡಬಳ್ಳಾಪುರದಲ್ಲಿ ನಾವು ಮನೆ ಕಟ್ಟಿಸುತ್ತಿದ್ದಾಗ ನನಗೆ ಬೇಕಾಗಿದ್ದದ್ದು ಒಂದೇ: ಅಡುಗೆಮನೆಗೆ ರಸ್ತೆ ಕಡೆ ಒಂದು ಕಿಟಕಿ. ಮದುವೆಯಾಗಿ ಬಂದಾಗಿನಿಂದ ಮಗ್ಗದ ಕೋಣೆಯ ಹಿಂದಿನ ಕತ್ತಲಲ್ಲಿ ಗೋಡೆ ನೋಡಿಕೊಂಡೇ ಅಡುಗೆ ಮಾಡಿದ್ದೆ. ಮಗ್ಗದ ಸದ್ದಿಗೆ ಕುಕ್ಕರ್ ಎಷ್ಟು ಸಲ ಕೂಗಿತೆಂಬುದೂ ಅಲ್ಲಿ ಕೇಳಿಸುತ್ತಿರಲಿಲ್ಲ.

ಅತ್ತೆ ಒಪ್ಪಲಿಲ್ಲ. "ರಸ್ತೇಲಿ ಓಡಾಡೋರ ಕಣ್ಣೆಲ್ಲ ನಮ್ ಸಾರಿನ ಮೇಲೆ ಬೀಳ್ಬೇಕೇನಮ್ಮ? ದೃಷ್ಟಿ ತಾಗಿದ್ರೆ ಏನ್ ಗತಿ?" ಎಂದರು. ನನ್ನ ಯಜಮಾನರು ಎಂದಿನಂತೆ ಇಬ್ಬರ ಮಾತಿಗೂ ತಲೆಯಾಡಿಸಿ ಮಗ್ಗದ ಕಡೆ ನಡೆದರು. ಗುರುವಾರ ಮೇಸ್ತ್ರಿ ಅಡುಗೆಮನೆಯ ರಸ್ತೆ ಕಡೆಯ ಗೋಡೆ ಎತ್ತುತ್ತಾನೆಂದು ಗೊತ್ತಾಯಿತು. ನನಗೆ ಅಳು ಬರುವಷ್ಟು ಸಿಟ್ಟು.

ಬುಧವಾರ ಸಂಜೆ ನನ್ನ ಎಂಟು ವರ್ಷದ ಮಗಳು, ಅವಳ ಚಿಕ್ಕಮ್ಮ ತಂದುಕೊಟ್ಟ ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಚಾಪೆಯ ಮೇಲೆ ಸುರಿದುಕೊಂಡಳು. ಡಬ್ಬದ ಮೇಲೆ 'ಆಗ್ಮೆಂಟೆಡ್ ರಿಯಾಲಿಟಿ' ಎಂದು ದೊಡ್ಡದಾಗಿ ಬರೆದಿತ್ತು. ಅಂದರೆ ಇಷ್ಟೇ: ಇಟ್ಟಿಗೆ ಜೋಡಿಸಿ ಮನೆ ಕಟ್ಟಿ, ಅದರತ್ತ ಫೋನಿನ ಕ್ಯಾಮೆರಾ ಹಿಡಿದರೆ, ಹೆಬ್ಬೆರಳಿನಷ್ಟು ಮನುಷ್ಯರು ಪರದೆಯಲ್ಲಿ ಕಾಣಿಸಿಕೊಂಡು ಆ ಮನೆಯಲ್ಲಿ ಸಂಸಾರ ಹೂಡುತ್ತಾರೆ. ಅದೂ ನಮ್ಮದೇ ಚಾಪೆಯ ಮೇಲೆ!

ಅವಳು ಕಟ್ಟಿದ್ದು ನಮ್ಮ ಹೊಸ ಮನೆಯನ್ನೇ. ಮೇಸ್ತ್ರಿಯ ನಕ್ಷೆ ಪಕ್ಕದಲ್ಲಿಟ್ಟುಕೊಂಡು ದೇವರಮನೆಗೆ ಹಳದಿ, ಬಚ್ಚಲಿಗೆ ನೀಲಿ, ಅಡುಗೆಮನೆಗೆ ಕೆಂಪು ಇಟ್ಟಿಗೆ ಹಾಕಿದಳು. ತಾರಸಿ ಮುಚ್ಚಿದ್ದರೂ ಫೋನಿನಲ್ಲಿ ಒಳಗಿನದೆಲ್ಲ ಕಾಣುತ್ತಿತ್ತು. ಪುಟ್ಟ ಹೆಂಗಸೊಬ್ಬಳು ಟಪಟಪ ನಡೆದು ಬಂದು ಒಲೆ ಹಚ್ಚಿದಳು. ಹೊಗೆ ಎದ್ದಿತು, ಹೋಗಲು ದಾರಿಯಿಲ್ಲದೆ ತುಂಬಿಕೊಂಡಿತು. ಎಲ್ಲಿಂದಲೋ ಬೆಂಕಿಪೊಟ್ಟಣದಷ್ಟು ಫೈರ್ ಇಂಜಿನ್ನೊಂದು ಗಂಟೆ ಬಾರಿಸುತ್ತ ಬಂತು. ಅತ್ತೆಯ ಎಲೆಅಡಿಕೆ ತಟ್ಟೆಗೆ ಒಂದು ಸುತ್ತು ಹಾಕಿ, ಅಡುಗೆಮನೆಯ ಗೋಡೆಯ ಮುಂದೆ ನಿಂತು ನೀರು ಬಿಟ್ಟಿತು. ನೀರೆಲ್ಲ ಗೋಡೆಗೆ ಬಡಿದು ಬಿಟ್ಟವರ ಮುಖಕ್ಕೇ ವಾಪಸು!

"ಏನೋ ಮಕ್ಕಳಾಟ" ಎಂದು ದೂರ ಕೂತಿದ್ದ ಅತ್ತೆ ಅಷ್ಟರಲ್ಲಿ ಮಂಡಿಯೂರಿ ಪರದೆಗೆ ಮೂಗು ತಾಗಿಸಿದ್ದರು.

"ಅಯ್ಯೋ, ಕೆಮ್ತಾವ್ಳೆ ಕಣೇ! ಆಚೆಗ್ ಬಾರಮ್ಮೀ!" ಎಂದು ಫೋನಿಗೇ ಕೂಗಿದರು. "ಗೋಡೆ ಕಡೆ ಮುಖ ಮಾಡ್ಕೊಂಡ್ ಯಾಕ್ ನಿಂತವ್ಳೆ ಅವ್ಳು?"

"ಅದು ನೀನೇ ಅಜ್ಜಿ," ಎಂದಳು ಮಗಳು. "ಇಲ್ಲಾಂದ್ರೆ ಅಮ್ಮ. ಇಬ್ರೂ ಹಂಗೇ ತಾನೆ ನಿಂತ್ಕೊಳ್ಳೋದು."

ಅತ್ತೆ ನನ್ನ ಮುಖ ನೋಡಿದರು. ನಾನು ನಗು ತಡೆದುಕೊಂಡಿದ್ದೆ. ಅವರು ಮೊಮ್ಮಗಳ ತೋಳು ಹಿಡಿದು ಅಲುಗಾಡಿಸಿದರು. "ತೆಗಿಯೇ ಎರಡ್ ಇಟ್ಗೆ! ಸತ್ತೋಗ್ತಾಳೆ!"

ಮಗಳು ರಸ್ತೆ ಕಡೆಯಿಂದ ಎರಡು ಇಟ್ಟಿಗೆ ಕಿತ್ತಳು. ಹೊಗೆ ಬುಸ್ಸೆಂದು ಹೊರಬಿತ್ತು. ಪುಟ್ಟ ಹೆಂಗಸು ಆ ಸಂದಿಯಿಂದ ಇಣುಕಿ ನಮ್ಮತ್ತ ಕೈ ಬೀಸಿದಳು. ಅತ್ತೆಯೂ ಬೀಸಿದರು, ಎರಡೂ ಕೈ! ಆಮೇಲೆ ಮೂವರೂ ಚಾಪೆಯ ಮೇಲೆ ಬಿದ್ದು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಏನಾಯಿತೋ ಎಂದು ಯಜಮಾನರು ಮಗ್ಗ ನಿಲ್ಲಿಸಿ ಓಡಿಬಂದರು. ಹೇಳಲು ಹೋದರೆ ನಮಗೆ ಮತ್ತಷ್ಟು ನಗು.

ಮರುದಿನ ಬೆಳಿಗ್ಗೆ ನಾನು ಸೈಟಿಗೆ ಹೋಗುವಷ್ಟರಲ್ಲಿ ಅತ್ತೆ ಅಲ್ಲಿದ್ದರು. ಗೋಡೆ ಆಗಲೇ ಸೊಂಟದೆತ್ತರ ಎದ್ದಿತ್ತು.

"ಏನಪ್ಪಾ ಮೇಸ್ತ್ರಿ, ಇಲ್ಲಿಂದ ಮೇಲಕ್ಕೆ ಕಿಟಕಿ ಬಿಡು. ದೊಡ್ಡದಾಗೇ ಬಿಡು. ದೃಷ್ಟಿಗೆ ನಾನು ಬೂದುಗುಂಬಳ ಕಟ್ತೀನಿ," ಎನ್ನುತ್ತಿದ್ದರು.

ಕಟ್ಟಿದರು ಕೂಡ. ಗೃಹಪ್ರವೇಶವಾಯಿತು, ಹಾಲು ಉಕ್ಕಿತು. ಈಗ ಬೆಳಿಗ್ಗೆ ನಾನೆದ್ದು ಬರುವಷ್ಟರಲ್ಲಿ ಒಲೆಯ ಮುಂದೆ ಅತ್ತೆ ನಿಂತಿರುತ್ತಾರೆ. ಹಾಲಿನವನಿಗೆ, ಸ್ಕೂಲ್ ಬಸ್ಸಿಗೆ, ಬೀದಿ ನಾಯಿಗೂ ಕೈ ಬೀಸುತ್ತಿರುತ್ತಾರೆ. "ನೀನ್ ಹೋಗಿ ಕೂತ್ಕೊಳಮ್ಮ, ನಾನ್ ನೋಡ್ಕೋತೀನಿ," ಎನ್ನುತ್ತಾರೆ. ಅಷ್ಟೊಂದು ಹೋರಾಡಿದವಳು ನಾನು. ಅವರ ಭುಜದ ಮೇಲಿಂದ ನನಗೂ ಒಂದಿಷ್ಟು ರಸ್ತೆ ಕಾಣುತ್ತದೆ.