ಆಯಿ ಕ್ಷಮೆ ಕೇಳುವ ಶನಿವಾರ

ಯರಗಟ್ಟಿಯ ಬಜಾರದಲ್ಲಿ ಹಾದುಹೋಗುವಾಗ ಯಾವುದೋ ಮನೆಯಿಂದ ಅಗಸಿ ಹುರಿಯುವ ವಾಸನೆ ಬಂದರೆ ಸಾಕು, ಕಟಕೋಳದ ನಮ್ಮ ಹಳೆಯ ಮನೆ ಕಣ್ಣಮುಂದೆ ಬಂದು ನಿಲ್ಲುತ್ತದೆ. ಆ ಮನೆ ಈಗಿಲ್ಲ. ಮಣ್ಣಿನ ಮಾಳಿಗೆ, ಹೊಗೆಗೆ ಕಪ್ಪಾದ ಜಂತಿ, ಪಡಸಾಲೆಯ ಗೋಡೆಯಲ್ಲಿದ್ದ ಮರದ ಶಿಲುಬೆ, ಎಲ್ಲ ಹೋದವು. ನಮ್ಮಪ್ಪನ ತಾಯಿಯನ್ನು ನಾವು ಆಯಿ ಎನ್ನುತ್ತಿದ್ದೆವು. ತಿಂಗಳಿಗೊಂದು ಶನಿವಾರ ಅವಳು ಅಗಸಿ ಹುರಿದು ಚಟ್ನಿ ಕುಟ್ಟುತ್ತಿದ್ದಳು. ಮರುದಿನ ಪ್ರಾರ್ಥನಾ ಮಂದಿರದಲ್ಲಿ ಕರ್ತನ ಭೋಜನ, ಯೇಸುವಿನ ನೆನಪಿಗೆ ಎಲ್ಲರೂ ರೊಟ್ಟಿ ಹಂಚಿಕೊಳ್ಳುವ ದಿನ. ಮನಸ್ಸಿನಲ್ಲಿ ಮುನಿಸು ಇಟ್ಟುಕೊಂಡು ಆ ರೊಟ್ಟಿಗೆ ಕೈ ಚಾಚಬಾರದೆಂಬುದು ಅವಳ ಕಟ್ಟುನಿಟ್ಟು. ಹಾಗಾಗಿ ತಿಂಗಳಿಡೀ ಯಾರ್ಯಾರ ಜೊತೆ ಜಗಳವಾಡಿದ್ದಳೋ ಅವರ ಮನೆಗೆಲ್ಲ ಚಟ್ನಿಯ ಪೊಟ್ಟಣ ಹಿಡಿದು ಹೋಗುವಳು, ಜೊತೆಗೆ ನಾನು. ಆಯಿಯ ನಾಲಿಗೆ ಎಂಥದ್ದೆಂದರೆ, ಒಂದೆರಡು ಪೊಟ್ಟಣಕ್ಕೆ ಕೆಲಸ ಮುಗಿಯುತ್ತಿರಲಿಲ್ಲ. "ನಂದ ತಪ್ಪಾತು, ಹೊಟ್ಟ್ಯಾಗ ಹಾಕ್ಕೊಳ್ವಾ" ಎಂದು ಅವಳು ಕೈ ಮುಗಿದರೆ, ಎದುರು ಮನೆಯ ಗಂಗವ್ವ ನಗುತ್ತ, "ಚಟ್ನಿ ಸಲುವಾಗಿ ಆದ್ರೂ ನಿಮ್ಮ ಕೂಡ ಜಗಳಾಡಬೇಕ ನೋಡ್ರಿ" ಎನ್ನುತ್ತಿದ್ದಳು.

ಊರಿಗೆಲ್ಲ ತಲೆಬಾಗುತ್ತಿದ್ದ ಆಯಿ ಮನೆಯೊಳಗೆ ಮಾತ್ರ ಬಗ್ಗುವವಳಲ್ಲ. ಒಮ್ಮೆ ಸಾಲಹಳ್ಳಿಯಿಂದ ನೆಂಟರು ಬಂದಾಗ ನಮ್ಮವ್ವ ಮಾಡಿದ ಸಾರಿಗೆ ಉಪ್ಪು ಹೆಚ್ಚಾಯಿತು. "ನಿಮ್ಮವ್ವ ನಿನಗ ಏನೂ ಕಲಿಸಿಲ್ಲೇನ?" ಎಂದುಬಿಟ್ಟಳು ಆಯಿ, ಎಲ್ಲರ ಮುಂದೆ. ಅವ್ವನ ತಾಯಿ ಅವಳನ್ನು ತೊಟ್ಟಿಲಲ್ಲಿ ಬಿಟ್ಟು ತೀರಿಕೊಂಡಿದ್ದಳು. ಅವ್ವ ಅಳಲಿಲ್ಲ, ಮಾತು ಬಿಟ್ಟಳು. ರೊಟ್ಟಿ ಬಡಿಯುವಾಗ ಗುನುಗುತ್ತಿದ್ದ ಹಾಡೂ ನಿಂತಿತು. ಬರೀ ಬಡಿಯುವ ಸಪ್ಪಳ ಕೇಳುತ್ತ ನಾನು ಒಲೆಯ ಮುಂದೆ ಕೂತಿರುತ್ತಿದ್ದೆ. ಅವ್ವ ಇನ್ನು ಮಾತಾಡುವುದೇ ಇಲ್ಲವೇನೋ ಎಂಬ ಅಂಜಿಕೆ. ಶನಿವಾರ ಬಂತು. ಆಯಿ ಪೊಟ್ಟಣ ಹಂಚಿ ಬಂದು, ಕಾಲು ತೊಳೆದು, ಅಡಿಗೆಮನೆಯ ಹೊಸ್ತಿಲವರೆಗೂ ಹೋಗಿ ನಿಂತಳು. "ಸೊಸಿಗೆ ಯಾರ ಕ್ಷಮಾ ಕೇಳ್ತಾರ?" ಎಂದು ತನಗೆ ತಾನೇ ಹೇಳಿಕೊಂಡು ತಿರುಗಿ ಬಂದಳು.

ಮರುದಿನ ಚಾಪೆಯ ಮೇಲೆ ಕುಳಿತ ಹೆಂಗಸರ ಸಾಲಿಗೆ ನಮ್ಮ ಪಾದ್ರಿ ಅಯ್ಯನವರು ರೊಟ್ಟಿಯ ತಟ್ಟೆ ಹಿಡಿದು ಬಂದರು. ಆಯಿ ಕೈ ಚಾಚಲಿಲ್ಲ. "ನನಗ ಇವತ್ತ ಬ್ಯಾಡ್ರಿ ಅಯ್ಯನವರ" ಎಂದಳು. ಅವರು ಮುಂದೆ ಹೋಗದೆ ತಟ್ಟೆ ಹಿಡಿದು ಅಲ್ಲೇ ನಿಂತರು. ಆಯಿ ಎದ್ದಳು. ಮೊಣಕಾಲು ನೋವಿನವಳು, ಗೋಡೆ ಹಿಡಿದು ಹಿಂದಿನ ಸಾಲಿಗೆ ಬಂದು ಅವ್ವನ ಮುಂದೆ ಕಷ್ಟಪಟ್ಟು ಕೂತಳು. "ಮಂದಿ ಮುಂದ ಅಂದೇನಿ ಶಾಂತಾ, ಮಂದಿ ಮುಂದನ ಕೇಳ್ತೇನಿ. ಇಲ್ಲದ ನಿಮ್ಮವ್ವನ್ನ ಮಾತಿಗೆ ಎಳದೆ. ನನ್ನ ಕ್ಷಮಿಸು." ಅವಳ ಕೈ ಸೊಸೆಯ ಪಾದಕ್ಕೆ ಹೋಯಿತು. ಅವ್ವ ಗಾಬರಿಯಾಗಿ ಆ ಕೈಗಳನ್ನು ಹಿಡಿದುಕೊಂಡು, "ಅತ್ತಿ, ಬ್ಯಾಡ್ರಿ, ಏಳ್ರಿ" ಎಂದಳು. ಆ ದನಿ ಕೇಳಿದ್ದೇ ನನಗೆ ಅಳು ತಡೆಯಲಾಗಲಿಲ್ಲ. ದೀನತೆಯ ಕುರಿತು ಆಮೇಲೆ ಎಷ್ಟೋ ಪ್ರಸಂಗ ಕೇಳಿದ್ದೇನೆ. ಕಣ್ಣಿಗೆ ಬರುವುದು ಮಾತ್ರ ಗೋಡೆ ಹಿಡಿದು ನಡೆದ ಆ ಮುದುಕಿ.

ಅಲ್ಲಿಗೆ ಜಗಳ ಮುಗಿಯಿತೆಂದುಕೊಳ್ಳಬೇಡಿ. ಸೋಮವಾರವೇ ಹಾಲು ಉಕ್ಕಿದ್ದಕ್ಕೆ ಮತ್ತೆ ಶುರು. ಈಗ ಅವ್ವನೂ ಒಂದಕ್ಕೆರಡು ಮಾತಾಡತೊಡಗಿದ್ದಳು. ಆ ಗದ್ದಲ ಇನ್ನೆಲ್ಲಿ ಸಿಗಬೇಕು? ನಾನೀಗ ಇರುವ ಬೈಲಹೊಂಗಲದ ಓಣಿಯಲ್ಲಿ ಯಾರೂ ಜೋರಾಗಿ ಜಗಳವಾಡುವುದಿಲ್ಲ, ಯಾರೂ ಯಾರ ಬಾಗಿಲಿಗೂ ಬರುವುದಿಲ್ಲ. ಅವ್ವನೂ ಹೋಗಿ ವರ್ಷಗಳಾದವು. ಆಯಿ ತೀರಿದ ದಿನ, ಪೆಟ್ಟಿಗೆ ಮುಚ್ಚುವ ಮೊದಲು, ಅವ್ವ ಬಗ್ಗಿ ಅವಳ ಪಾದ ಹಿಡಿದುಕೊಂಡಿದ್ದಳು. ಅಷ್ಟು ವರ್ಷವೂ ಅತ್ತಿ, ಅತ್ತಿ ಎನ್ನುತ್ತಿದ್ದವಳು ಅಂದು, "ಯವ್ವಾ, ಇನ್ನ ನನಗ ಬೈಯಾವ್ರು ಯಾರ?" ಎಂದಳು.