ಹುಟ್ಟಿದ ಕೋಣೆಯ ಗೋಡೆ

ಮೂರು ವರ್ಷದ ಹಿಂದೆ ನಾನು ಬೀದರ್‌ನಲ್ಲಿ ಸಹಾಯಕ ಇಂಜಿನಿಯರ್ ಆಗಿದ್ದೆ. ಹಳೆಯ ಕಟ್ಟಡಗಳ ದುರಸ್ತಿ ನನ್ನ ಪಾಲಿನ ಕೆಲಸ. ಭಾಲ್ಕಿ ತಾಲ್ಲೂಕಿನಲ್ಲಿ, ಮೆಹಕರದ ಆಚೆ ಗಡಿಗೆ ಹತ್ತಿದ ಒಂದು ಹಳ್ಳಿಯಲ್ಲಿ, ದೇಶಕ್ಕೆಲ್ಲ ಗೊತ್ತಿರುವ ನಾಯಕರೊಬ್ಬರು ಹುಟ್ಟಿದ ಮಣ್ಣಿನ ಮನೆಯಿದೆ. ಹೆಸರು ಬರೆಯಬೇಡಿರೆಂದು ಮನೆತನದವರು ಕೇಳಿಕೊಂಡಿದ್ದಾರೆ. ಅದನ್ನು ಸ್ಮಾರಕ ಮಾಡುವ ಮೊದಲು ಪರೀಕ್ಷಿಸಲು ನನ್ನನ್ನು ಕಳಿಸಿದ್ದರು.

ಮನೆ ನೋಡಿಕೊಳ್ಳುತ್ತಿದ್ದವರು ಶಾಂತಾಬಾಯಿ, ಆ ಮನೆತನದ ಸೊಸೆ. ಬಂದವರಿಗೆ ನಾಯಕರು ಹುಟ್ಟಿದ ಕೋಣೆ ತೋರಿಸಿ, ಗೋಡೆಯಿಂದ ಚಿಟಿಕೆ ಮಣ್ಣು ಕೆರೆದುಕೊಳ್ಳಲು ಬಿಡುತ್ತಿದ್ದರು. ಹೊಸ ಮನೆಯ ಪಾಯಕ್ಕೆ ಹಾಕಲು, ಮೊದಲ ಸಲ ಶಾಲೆಗೆ ಹೊರಟ ಮಗುವಿನ ಹಣೆಗೆ ಹಚ್ಚಲು ಜನ ಅದನ್ನು ಒಯ್ಯುತ್ತಿದ್ದರು. ಕೈಗೆ ಎಟುಕುವ ಎತ್ತರದಲ್ಲಿ ಗೋಡೆ ಬೋಗುಣಿಯಂತೆ ಕುಳಿಬಿದ್ದಿತ್ತು. ಎರಡು ಅಡಿ ದಪ್ಪ ಇರಬೇಕಾದಲ್ಲಿ ಒಂಬತ್ತು ಇಂಚು ಉಳಿದಿತ್ತು. ಅದು ಲೋಡ್ ಬೇರಿಂಗ್ ಗೋಡೆ. ಅಂದರೆ ಮಣ್ಣಿನ ಮಾಳಿಗೆಯ ಭಾರವೆಲ್ಲ ಅದರ ಮೇಲೆಯೇ.

"ಇವತ್ತಿಂದ ಈ ಕೋಣಿ ಬಂದ್ ಮಾಡ್ರಿ ಬಾಯಾರ," ಎಂದೆ.

"ನಾ ಮದಿವಿಯಾಗಿ ಬಂದಾಗಿಂದ ನಿಂತದ ರೀ ಮೇಡಂ. ಇವತ್ತ ನಿಮಗ ನೋಡಿ ಹೆದರಿ ಬೀಳ್ತದೇನು?" ಎಂದು ನಕ್ಕರು.

ಅಷ್ಟರಲ್ಲಿ ಔರಾದ್ ಕಡೆಯಿಂದ ಒಂದು ಟೆಂಪೊ ಜನ ಬಂದಿಳಿದರು. ಅರ್ಧ ಜನ ಕೋಣೆಯೊಳಗೆ, ಉಳಿದವರು ಪಡಸಾಲೆಯಲ್ಲಿ ಪಾಳಿ ಹಚ್ಚಿದ್ದರು. ತೊಲೆಯ ಕೆಳಗೆ ಮಣ್ಣು ಉದುರುವುದನ್ನು ಕಂಡೆ.

"ಎಲ್ಲಾರೂ ಹೊರಗ ನಡೀರಿ," ಎಂದು ಕೂಗಿದೆ.

ಶಾಂತಾಬಾಯಿಯೂ ಮೇಲೆ ನೋಡಿದರು. ಮತ್ತೇನೂ ಕೇಳದೆ, ಕನ್ನಡದಲ್ಲಿ, ಮರಾಠಿಯಲ್ಲಿ ಗದರಿಸುತ್ತ ಎಲ್ಲರನ್ನೂ ಅಂಗಳಕ್ಕೆ ದಾಟಿಸಿದರು. ಮಾಳಿಗೆಗೆ ಆಸರೆ ಕೊಡುವ ಸ್ಟೀಲ್ ಪ್ರಾಪ್‌ಗಳನ್ನು ತರಿಸಲು ನಾನು ಬೀದರ್‌ಗೆ ಫೋನ್ ಹಚ್ಚಿದೆ. ಆಗ, ಪಡಸಾಲೆಯ ಪಾಳಿಯಲ್ಲಿದ್ದು ಇನ್ನೂ ಮಣ್ಣು ಸಿಗದವರ ಪೈಕಿ ಒಬ್ಬ ಹೆಂಗಸು ಅಂಗಳದಿಂದ ಸರಸರ ತಿರುಗಿ ಕೋಣೆಗೆ ಹೋದಳು.

"ಏ ತಂಗಿ, ಬಾ ಹೊರಗ. ನಾ ತಂದು ಕೊಡ್ತೇನಿ," ಎನ್ನುತ್ತ ಶಾಂತಾಬಾಯಿ ಅವಳ ಬೆನ್ನಿಗೇ ಹೋದರು.

ಅವಳನ್ನು ಬಾಗಿಲಿನಿಂದ ಹೊರಕ್ಕೆ ನೂಕಿದ ಕೈ ಈಗಲೂ ನನಗೆ ಕಾಣುತ್ತದೆ. ಹಸಿರು ಬಳೆ. ಆಮೇಲೆ ಧೂಳು. ಸದ್ದು ಅಂಥ ದೊಡ್ಡದಲ್ಲ, ಜೋಳದ ಚೀಲ ನೆಲಕ್ಕೆ ಬಿಟ್ಟಂತೆ. ಸಲಿಕೆ ತಾಗೀತೆಂದು ಹೆದರಿ ಎಲ್ಲರೂ ಕೈಯಿಂದಲೇ ಮಣ್ಣು ತೋಡಿದೆವು. ಭಾಲ್ಕಿಯ ಆಸ್ಪತ್ರೆ ಮುಟ್ಟುವಷ್ಟರಲ್ಲಿ ಶಾಂತಾಬಾಯಿ ತೀರಿಕೊಂಡಿದ್ದರು.

ಆಸ್ಪತ್ರೆಯ ಕಟ್ಟೆಯ ಮೇಲೆ ಆ ಹೆಂಗಸು ಒಬ್ಬಳೇ ಕೂತಿದ್ದಳು. ಯಾಕ ಒಳಗ ಹೋದಿ ತಂಗಿ, ಎಂದು ಕೇಳಿದೆ.

"ಬೀಳ್ತದಂತ ಗೊತ್ತಿದ್ದಿಲ್ಲ ರೀ," ಎಂದಳು. "ಆಫೀಸಿನವ್ರು ಬಂದ್ರ ನಮ್ಮಂಥವ್ರಿಗಿ ಹೊರಗ ಹಾಕ್ತಾರಲ್ರಿ, ಇದೂ ಹಂಗೇ ಅಂತ ತಿಳ್ಕೊಂಡೆ."



ಈಗ ಯಾವ ಹಳೆಯ ಕಟ್ಟಡಕ್ಕೆ ಹೋದರೂ, ಗೋಡೆ ಮುಟ್ಟುವ ಮೊದಲು ಅಲ್ಲಿರುವ ಒಬ್ಬೊಬ್ಬರಿಗೂ ಯಾಕೆ ಸರಿಯಬೇಕೆಂದು ಹೇಳುತ್ತೇನೆ. "ಗ್ವಾಡಿ ಬೀಳ್ತದ." ಎರಡೇ ಮಾತು. ಅಂದು ಅಷ್ಟಕ್ಕೆ ಸಮಯವಿತ್ತು.